ಕೋವಿಗೆ ಒಪ್ಪುವ ಸೀರೆ

ನಮ್ಮ ಮನೆಯಲ್ಲಿ ಕೋವಿ ಇದ್ದದ್ದು ಅಡುಗೆಮನೆಯಲ್ಲಿ. ಹೊಸದಾಗಿ ಬಂದ ನೆಂಟರು ಪಡಸಾಲೆಯ ಗೋಡೆಗಳನ್ನೆಲ್ಲ ಕಣ್ಣಲ್ಲೇ ತಡಕಿ, ದೇವರ ಪಟ, ಕ್ಯಾಲೆಂಡರು, ಅಪ್ಪ ಅವ್ವನ ಮದುವೆಯ ಫೋಟೊ ಬಿಟ್ಟು ಬೇರೇನೂ ಕಾಣದೆ ನಿರಾಸೆಯಿಂದ ಕಾಫಿ ಕುಡಿಯುತ್ತಿದ್ದರು. ಅದು ಒಳಗೆ, ಒಲೆಯ ಕಾವು ತಗುಲುವ ಆದರೆ ಕಿಡಿ ತಗುಲದ ಪಕ್ಕದ ಗೋಡೆಯಲ್ಲಿ, ಎರಡು ಗೂಟಗಳ ಮೇಲೆ, ಉಪ್ಪಿನ ಮಡಕೆಗೂ ಮೆಣಸಿನಕಾಯಿ ಡಬ್ಬಕ್ಕೂ ನೆರೆಯವನಂತೆ ಮಲಗಿರುತ್ತಿತ್ತು. ಕೆರಗೋಡಿನಿಂದ ಒಳಕ್ಕಿರುವ ನಮ್ಮೂರು ನಾಲೆ ನೀರಿನ ಊರು. ಸುತ್ತ ಭತ್ತ, ಕಬ್ಬು. ಗೋಡೆಗಳಿಗೆ ಬೇಸಿಗೆಯಲ್ಲೂ ತೇವ ಹತ್ತಿರುತ್ತಿತ್ತು. ಕುಡುಗೋಲನ್ನು ಮರೆತು ಜಗಲಿಯಲ್ಲಿ ಬಿಟ್ಟರೆ ವಾರದೊಳಗೆ ಕೆಂಪಗಾಗುತ್ತಿತ್ತು. ಇಡೀ ಮನೆಗೆ ಒಣಗಿದ ಗೋಡೆ ಅದೊಂದೇ ಎಂದು ತಾತ ಕಂಡುಕೊಂಡಿದ್ದ. ಮದ್ದಿನ ಡಬ್ಬ ಮಾತ್ರ ಮನೆಯ ಇನ್ನೊಂದು ತುದಿಯ ಕೋಣೆಯಲ್ಲಿ, ಬೀಗ ಹಾಕಿದ ಪೆಟ್ಟಿಗೆಯೊಳಗೆ. ಈಗ ನನ್ನ ತಮ್ಮ ಆ ಗೋಡೆಗೆ ಟೈಲ್ಸ್ ಹಾಕಿಸಿ ಮಿಕ್ಸಿ ಇಟ್ಟಿದ್ದಾನೆ. ಅವನ ಹೆಂಡತಿ ಚಟ್ನಿ ರುಬ್ಬುವಾಗ ಆ ಗದ್ದಲದ ಅಡಿಯಲ್ಲಿ ನನಗೆ ಅಜ್ಜಿಯ ಗೊಣಗು ಕೇಳುತ್ತದೆ.

“ಉಪ್ಪು ತಗಿಯಕ್ಕೋದ್ರೆ ಕ್ವಾವಿ ತಗಲ್ತದೆ, ಮೆಣಸಿನಕಾಯಿ ತಗಿಯಕ್ಕೋದ್ರೆ ಗಜ ತಗಲ್ತದೆ. ನಾನೇನು ಅಡ್ಗೆ ಮಾಡ್ಲೋ, ದಂಡಿಗೋಗ್ಲೋ?”

“ಎಲ್ಡೂ ಒಂದೇ ಕಣಮ್ಮಿ. ಅಳತೆ ತಪ್ಪಿದ್ರೆ ಎಲ್ಡೂ ಕೆಡ್ತವೆ.”

ಅದು ಬಾಯಿಯಿಂದ ತುಂಬುವ ಹಳೇ ಕಾಲದ ಕೋವಿ. ಒಂದು ಸಲಕ್ಕೆ ಒಂದೇ ಗುಂಡು. ಮದ್ದು ಸುರಿದು, ಗುಂಡನ್ನು ಬಟ್ಟೆಯ ತುಂಡಿನಲ್ಲಿ ಕೂರಿಸಿ, ಗಜ ಎನ್ನುವ ಉದ್ದನೆಯ ಕೋಲಿನಿಂದ ತಳದವರೆಗೆ ತಳ್ಳಬೇಕು. ನಳಿಗೆಯ ಬಾಯಿಗೆ ಬೆರಳಿಟ್ಟರೆ ಒಳಗೆ ತಿರುಪಿನ ಹಾಗೆ ಸುತ್ತಿಕೊಂಡು ಹೋಗುವ ಗೀರುಗಳು ತಾಗುತ್ತಿದ್ದವು. ಗುಂಡು ಆ ಗೀರುಗಳ ಜಾಡು ಹಿಡಿದು, ಬುಗುರಿಯಂತೆ ತಿರುಗುತ್ತ ಹೊರಬಂದರೆ ನೆಟ್ಟಗೆ ಹೋಗುತ್ತದೆ. ತಿರುಗದೆ ಬಂದರೆ ಕುಡಿದವನ ಹಾಗೆ ಎತ್ತಲೋ ಹೋಗುತ್ತದೆ ಎಂದು ತಾತ ಹೇಳುತ್ತಿದ್ದ. ಬೆಳೆ ಕಾಯಲೆಂದು ತಾತನ ಹೆಸರಿಗೆ ಲೈಸೆನ್ಸು ಇತ್ತು. ಕಬ್ಬಿಗೆ ಹಂದಿ ಬೀಳುತ್ತಿದ್ದ ಕಾಲ. ಆದರೆ ತಾತ ಹಂದಿ ಹೊಡೆದದ್ದನ್ನು ನಾನು ಕಾಣೆ. ಸದ್ದಿಗೇ ಅವು ನಾಲೆ ದಾಟುತ್ತಿದ್ದವು. ಎಲೆಕ್ಷನ್ ಬಂದಾಗಲೆಲ್ಲ ಕೋವಿ ಸ್ಟೇಷನ್ನಿಗೆ ಹೋಗಿ ಇದ್ದು ಬರುತ್ತಿತ್ತು. ಅದು ಇಲ್ಲದ ದಿನಗಳಲ್ಲಿ ತಾತ, ಹೆಂಡತಿ ತವರಿಗೆ ಹೋದ ಗಂಡನಂತೆ, ಖಾಲಿ ಗೂಟಗಳನ್ನು ನೋಡುತ್ತ ಮುದ್ದೆ ಮುರಿಯುತ್ತಿದ್ದ. ಇನ್ನು ಮದ್ದು ಬರುವುದು ಮದ್ದೂರಿನಿಂದ, ಅದಕ್ಕೇ ಆ ಊರಿಗೆ ಆ ಹೆಸರು ಎಂದು ನಾನು ಬಹಳ ದಿನ ನಂಬಿದ್ದೆ. ಅದು ಮೈಸೂರಿನ ಅಂಗಡಿಯಿಂದ ಬರುತ್ತಿತ್ತು. ಮದ್ದೂರಿನಿಂದ ಬರುತ್ತಿದ್ದದ್ದು ವಡೆ. ಮೈಸೂರಿಗೆ ಹೋದವನು ಮದ್ದೂರಿನ ವಡೆ ತರುವುದು ಹೇಗೆ ಎಂದು ಅಜ್ಜಿ ಕೇಳಿದರೆ, ಮಂಡ್ಯದಲ್ಲಿ ಇಳಿಯಬೇಕಾದಾಗ ಬಸ್ಸಿನಲ್ಲಿ ನಿದ್ದೆ ಬಂದುಬಿಟ್ಟಿತು ಎಂದು ತಾತ ಪ್ರತಿ ಸಲವೂ ಹೇಳುತ್ತಿದ್ದ.

ಒಳ್ಳೆಯ ಗುರಿಗೆ ಒಳ್ಳೆಯ ಕಣ್ಣು ಬೇಕು ಎಂದು ಊರಿನವರೆಲ್ಲ ತಿಳಿದಿದ್ದರು. ತಾತನ ಲೆಕ್ಕದಲ್ಲಿ ಕಣ್ಣಿನ ಪಾಲು ಕಡಿಮೆ, ಪದ್ಧತಿಯ ಪಾಲು ಹೆಚ್ಚು. ಮದ್ದಿಗೆ ಒಂದು ಬಿದಿರಿನ ಅಳತೆ ಕೊಳವೆ. ಅದನ್ನು ತುಂಬಿ, ಬಾಯಿಯನ್ನು ಬೆರಳಿನಿಂದ ಸಮ ಮಾಡಿದರೆ ಮುಗಿಯಿತು. ಹೆಚ್ಚು ಮದ್ದು ಸುರಿದರೆ ಹೆಚ್ಚು ಚೆನ್ನಾಗಿ ಹೊಡೆಯುತ್ತದೆ ಎನ್ನುವವರಿಗೆ, ಹಿಟ್ಟು ಹೆಚ್ಚಾದರೆ ಮುದ್ದೆ ಚೆನ್ನಾಗಿ ಆಗುತ್ತದಾ ಎಂದು ಕೇಳುತ್ತಿದ್ದ. ಸೀಸದ ಗುಂಡುಗಳನ್ನು ಅಜ್ಜಿಯ ಊಟದ ತಟ್ಟೆ ಮುಟ್ಟದೆ, ತನ್ನದೇ ಒಂದು ತಗಡಿನ ತಟ್ಟೆಯಲ್ಲಿ ಒಂದೊಂದಾಗಿ ಉರುಳಿಸಿ, ಅಡ್ಡಾದಿಡ್ಡಿ ಉರುಳಿದ್ದನ್ನು ಮತ್ತೆ ಕರಗಿಸಲು ಎತ್ತಿಡುತ್ತಿದ್ದ. ಗಜಕ್ಕೆ ಒಂದು ಗೆರೆ ಕೊರೆದಿತ್ತು. ಗುಂಡು ತಳ ಸೇರಿದಾಗ ಆ ಗೆರೆ ಸರಿಯಾಗಿ ನಳಿಗೆಯ ಬಾಯಿಗೆ ಬರಬೇಕು. ಒಂದು ಗುಂಡು ಹೊಡೆದ ಮೇಲೆ ಒದ್ದೆ ಬಟ್ಟೆಯಿಂದ ಒಳಗನ್ನು ಒರೆಸದೆ ಇನ್ನೊಂದನ್ನು ತುಂಬುತ್ತಿರಲಿಲ್ಲ. ಕೊನೆಗೆ ಅಜ್ಜಿಯ ಹಂಡೆಯ ಬಿಸಿನೀರಿನಲ್ಲಿ ನಳಿಗೆಗೆ ಸ್ನಾನ. ಕೊಳೆತ ಮೊಟ್ಟೆಯ ವಾಸನೆಯ ಆ ಕಪ್ಪು ನೀರು ಬಚ್ಚಲಿನಲ್ಲಿ ಹರಿಯುವಾಗ, ನನ್ನ ಸ್ನಾನಕ್ಕೆ ನೀರು ಸಾಲುವುದಿಲ್ಲವಲ್ಲ ಎಂದು ನಾನು ಖುಷಿಪಡುತ್ತಿದ್ದೆ.

“ಕ್ವಾವಿಗೆ ಮರೆವಿಲ್ಲ ಮಗ. ನಿನ್ನೆ ಎಂಗೆ ಉಣ್ಸಿದ್ಯೋ ಇವತ್ತೂ ಅಂಗೇ ಉಣ್ಸಬೇಕು. ಒಂದಿನ ಬಿರಿಯಾನಿ ಒಂದಿನ ಗಂಜಿ ಅಂದ್ರೆ ಅದು ಎಲ್ಲಿಗೆ ಒಡೀಬೇಕು ಪಾಪ?”

ಇದರಲ್ಲೆಲ್ಲ ತಾತ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಿದ್ದದ್ದು ಬಟ್ಟೆಗೆ. ಗುಂಡು ನಳಿಗೆಗಿಂತ ಒಂದು ಕೂದಲೆಳೆ ಸಣ್ಣದು; ಆ ಸಂದನ್ನು ತುಂಬಿ, ಗೀರುಗಳನ್ನು ಕಚ್ಚಿ ಹಿಡಿದು ಗುಂಡನ್ನು ತಿರುಗಿಸುವುದು ಸುತ್ತಿದ ಬಟ್ಟೆಯೇ. ತಾತನ ಪಂಚೆಯ ಬಟ್ಟೆ ಜಾಳು, ಗುಂಡು ಸಡಿಲವಾಗಿ ಜಾರುತ್ತದೆ. ದುಪ್ಪಟಿ ದಪ್ಪ, ಒಳಕ್ಕೇ ಇಳಿಯುವುದಿಲ್ಲ. ಒಪ್ಪುತ್ತಿದ್ದದ್ದು ಒಂದೇ: ಅಜ್ಜಿ ಉಡುತ್ತಿದ್ದ ಕೈಮಗ್ಗದ ನೂಲಿನ ಸೀರೆ, ಅದೂ ಉಟ್ಟು, ಒಗೆದು, ಒಗೆದು ಹಣ್ಣಾಗಿರಬೇಕು. ಪ್ರತಿ ವರ್ಷ ಅಜ್ಜಿ ಚಿಂದಿ ಗಂಟಿನಿಂದ ಒಂದು ಪಟ್ಟಿ ಹರಿದು ಕೊಡುವುದು, ತಾತ ಅದಕ್ಕೆ ಜೇನುಮೇಣ, ಹರಳೆಣ್ಣೆ ಸವರಿ ಡಬ್ಬಿಯಲ್ಲಿ ಸುತ್ತಿಡುವುದು. ಗುಂಡು ಹಾರಿದ ಮೇಲೆ ಆ ತುಂಡು ಬಟ್ಟೆ ಸ್ವಲ್ಪ ಮುಂದೆ ಬಿದ್ದಿರುತ್ತದೆ. ಅದನ್ನು ಹುಡುಕಿ ತರುವುದು ನನ್ನ ಕೆಲಸ. ನಡುವೆ ದುಂಡನೆಯ ಮಸಿಬೊಟ್ಟು, ಸುತ್ತ ಅಂಚು ಹೂವಿನ ಎಸಳಂತೆ ಬಿಚ್ಚಿಕೊಂಡಿದ್ದರೆ ಎಲ್ಲ ಸರಿ. ಹರಿದಿದ್ದರೆ, ಸುಟ್ಟು ತೂತಾಗಿದ್ದರೆ ಎಲ್ಲೋ ತಪ್ಪಿದೆ. ತಾತ ಅದನ್ನು ಅಂಗೈಯಲ್ಲಿ ಹರಡಿಕೊಂಡು, ಜೋಯಿಸರು ಜಾತಕ ನೋಡುವಂತೆ ನೋಡುತ್ತಿದ್ದ.

ಈ ವ್ಯವಸ್ಥೆಯೊಳಕ್ಕೆ ನೈಲಾನು ಬಂತು. ಮಳವಳ್ಳಿಗೆ ಕೊಟ್ಟಿದ್ದ ನನ್ನ ಸೋದರತ್ತೆ ಗೌರಿ ಹಬ್ಬಕ್ಕೆ ಬಂದಾಗ ಅಜ್ಜಿಗೆ ಎರಡು ನೈಲಾನ್ ಸೀರೆ ತಂದಳು. ಒಂದರಲ್ಲಿ ಕಡುನೀಲಿ ಹೂವು, ಇನ್ನೊಂದರಲ್ಲಿ ಎಲೆಹಸಿರು ಬಳ್ಳಿ. ನೀರಲ್ಲಿ ಅದ್ದಿದರೆ ಭಾರವಿಲ್ಲ, ಹಿಂಡಬೇಕಿಲ್ಲ, ಗಂಜಿ ಬೇಡ. ಅಲ್ಲಿಯವರೆಗೆ ಒದ್ದೆ ನೂಲಿನ ಸೀರೆ ಹಿಂಡಿ ಹಿಂಡಿ ಸೊಂಟ ಹಿಡಿಸಿಕೊಳ್ಳುತ್ತಿದ್ದ ಅಜ್ಜಿಗೆ ಅದೊಂದು ಪವಾಡ. ತಾತ ಜಗಲಿಯಿಂದಲೇ ಶುರುಮಾಡಿದ.

“ಪಿಲಾಸ್ಟಿಕ್ ಉಟ್ಕಂಡು ಒಲೆ ಮುಂದೆ ಕೂತ್ಕಬ್ಯಾಡ ಕಣಮ್ಮಿ, ಕರಗೋಯ್ತೀಯ.”

“ಕರಗುದ್ರೆ ಕರಗ್ತೀನಿ ಬುಡಿ. ಒಗ್ದು ಅರವಿದ್ರೆ ಒಂದೆಲೆ ಹಾಕ್ಕಳದ್ರೊಳಗೆ ಒಣಗ್ತದೆ. ನಿಮ್ ಪಂಚೆ ಒಣಗಕ್ಕೆ ಎಲ್ಡು ಹಗಲು ಬೇಕು.”

ಒಂದೆಲೆ ಎಂದರೆ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಸಿ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು. ಅಜ್ಜಿ ಅದನ್ನು ಮಾಡಿಯೇ ತೋರಿಸಿದಳು; ಎಲೆ ಹಾಕಿಕೊಂಡು ಎದ್ದು ಹೋಗಿ ಒಣಗಿದ ಸೀರೆ ತಂದು ತಾತನ ಮುಂದೆ ಒಗೆದಳು. ಜಗಳದಲ್ಲಿ ಗೆದ್ದ ಹುರುಪಿನಲ್ಲೇ, ಬೀದಿಗೆ ಬಂದ ಪಾತ್ರೆ ಲಕ್ಷ್ಮವ್ವನನ್ನು ಕರೆದು, ಹಳೆಯ ನೂಲಿನ ಸೀರೆಗಳನ್ನೆಲ್ಲ, ಗಂಟಿನಲ್ಲಿದ್ದ ಚಿಂದಿಯ ಸಮೇತ, ಹಾಕಿ ಒಂದು ದೊಡ್ಡ ಸ್ಟೀಲ್ ಡಬರಿ ತೆಗೆದುಕೊಂಡಳು. ಹಳೇ ಬಟ್ಟೆಗೆ ಪಾತ್ರೆ ಕೊಡುವ ಲಕ್ಷ್ಮವ್ವ, ಗಂಟು ಹೊತ್ತುಕೊಂಡು ಊರೂರು ಸುತ್ತುವವಳು. ಅಜ್ಜಿಯ ಕುಂಕುಮಗೆಂಪು ಅಂಚಿನ ಒಂದು ಸೀರೆ ಗಟ್ಟಿಯಾಗಿದೆಯೆಂದು ಅಲ್ಲೇ ಅದರಲ್ಲಿ ಗಂಟು ಕಟ್ಟಿಕೊಂಡು ಹೋದಳು. ಡಬರಿಯಲ್ಲಿ ಮುಖ ಕಾಣುತ್ತಿತ್ತು. ಹಬ್ಬದ ಪಾಯಸ ಇನ್ನು ಮೇಲೆ ಇದರಲ್ಲೇ ಎಂದು ಅಜ್ಜಿ ಸಾರಿದಳು.

ಆಯುಧ ಪೂಜೆಯ ದಿನ ನಮ್ಮ ಮನೆಯಲ್ಲಿ ನೇಗಿಲು, ಗುದ್ದಲಿ, ಕುಡುಗೋಲುಗಳ ಜೊತೆಗೆ ಕೋವಿಗೂ ವಿಭೂತಿ, ಕುಂಕುಮ. ಪೂಜೆಯಾದ ಮೇಲೆ ನಮ್ಮ ಆಲೆಮನೆಯ ಹಿಂದಿನ ಮಣ್ಣುದಿಬ್ಬಕ್ಕೆ ಒರಗಿಸಿ ನೆಟ್ಟ ಗೂಟದ ಮೇಲೆ ಒಂದು ತೆಂಗಿನಕಾಯಿ ಇಟ್ಟು, ತಾತ ಒಂದೇ ಒಂದು ಗುಂಡು ಹೊಡೆಯುತ್ತಿದ್ದ. ಕಾಯಿ ಒಡೆದರೆ ಅದರ ಚೂರುಗಳನ್ನು ಗದ್ದೆಯ ಮೂಲೆಗಳಲ್ಲಿ ಹೂಳುವುದು; ಆ ವರ್ಷದ ಬೆಳೆಗೆ ಕಾವಲು. ಕಾಯಿ ಒಡೆಯದ ವರ್ಷವೇ ಇರಲಿಲ್ಲ. ಆ ವರ್ಷ ಒಡೆಯಲಿಲ್ಲ. ಮಳೆಗೆ ಎದ್ದಿದ್ದ ಹುಲ್ಲಿನಲ್ಲಿ ಬಟ್ಟೆಯ ತುಂಡೂ ನನಗೆ ಸಿಗಲಿಲ್ಲ. ಒಡೆಯದ ಕಾಯಿಯಲ್ಲಿ ಅಜ್ಜಿ ಮಾರನೆಯ ದಿನ ಚಟ್ನಿ ಮಾಡಿದಳು, ತಾತ ಮುಟ್ಟಲಿಲ್ಲ. ಮರುವರ್ಷವೂ ಗುಂಡು ಎಲ್ಲೋ ಹೋಗಿ ದಿಬ್ಬದ ಮಣ್ಣು ಹಾರಿಸಿತು. ಆ ಸಲ ಬಟ್ಟೆ ಹುಡುಕುವುದೇ ಬೇಡ ಎಂದ. ನೋಡಲು ಬಂದಿದ್ದ ಪಕ್ಕದ ಮನೆಯ ಮರಿಯಣ್ಣ, ತಾತನ ವಾರಿಗೆಯವನು, ಸುಮ್ಮನಿರುವ ಆಸಾಮಿಯಲ್ಲ.

“ಏನ್ಲಾ ಕೆಂಪ, ಕಾಯಿಗೆ ಗುರಿ ಇಟ್ಟಿದ್ದೋ, ಕಾಯಿ ಮಾರ್ದೋನ್ಗೋ?”

“ನಿನ್ ಬಾಯ್ಗೆ ಇಟ್ಟಿದ್ದೆ ಕಣ್ಲಾ. ಅಷ್ಟಗಲ ಇದ್ರೂ ತಪ್ಪೋಯ್ತು.”

ಮಾತಿನಲ್ಲಿ ತಾತ ಸೋಲಲಿಲ್ಲ. ಆದರೆ ಮನೆಗೆ ಬಂದು ಜಗಲಿಯಲ್ಲಿ ಕೂತು, ಎದುರು ಮನೆಯ ಹೆಂಚುಗಳನ್ನು ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ ಎಣಿಸತೊಡಗಿದ. ಬಟ್ಟೆಯ ಮೇಲೆ ಅವನಿಗೆ ಅನುಮಾನವೇ ಬರಲಿಲ್ಲ. ಅಜ್ಜಿ ಹರಿದುಕೊಟ್ಟ ಪಟ್ಟಿ ನುಣ್ಣಗಿತ್ತು. ಗುಂಡು ಗಜಕ್ಕೆ ತೊಂದರೆ ಕೊಡದೆ ಸಲೀಸಾಗಿ ಇಳಿಯುತ್ತದೆ, ಮುದಿ ಕೈಗೆ ಸುಖ ಎಂದು ಹೊಗಳಿಯೂ ಇದ್ದ. ತಪ್ಪು ತನ್ನ ಕಣ್ಣಿನದೇ ಎಂದು ತೀರ್ಮಾನಿಸಿದ ಮೇಲೆ ಊಟ ಅರ್ಧಕ್ಕಿಳಿಯಿತು. ಮೂರನೆಯ ವರ್ಷ ಹಬ್ಬ ಹತ್ತಿರ ಬಂದಾಗ, ಒಂದು ಬೆಳಿಗ್ಗೆ ರೊಟ್ಟಿ ತಿನ್ನುತ್ತಿದ್ದ ಎಲ್ಲರ ಮುಂದೆ ಹೇಳಿಬಿಟ್ಟ.

“ಈ ಸಲ ತಪ್ಪುದ್ರೆ ಕ್ವಾವಿ ವಾಪಸ್ ಒಪ್ಸಿಬುಡ್ತೀನಿ. ಬೀಗದ ಕೈನೂ ಮಗಂಗೆ ಕೊಟ್ಬುಡ್ತೀನಿ. ಕಣ್ಣಿಲ್ದೋನ್ ಕೈಲಿ ಯಜಮಾನ್ಕೆ ಇರಬಾರ್ದು.”

ಅಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿದ. ಅಪ್ಪ ಆಲೆಮನೆಯ ಮನುಷ್ಯ. ಬೆಲ್ಲದ ಪಾಕ ಯಾವಾಗ ಇಳಿಸಬೇಕು ಎಂಬುದೊಂದು ಬಿಟ್ಟು ಬೇರೆ ತೀರ್ಮಾನಗಳೆಂದರೆ ಅವನಿಗೆ ಭಯ.

“ಬ್ಯಾಡ ಕಣಪ್ಪೋ. ನಾಲೆ ನೀರಿನ ಜಗಳಕ್ಕೆ ನಾನೋದ್ರೆ, ಇರೋ ಗದ್ದೆನೂ ಬರ್ಕೊಟ್ಟು ಬತ್ತೀನಿ.”

ತಾತನ ಉಡಿದಾರದಲ್ಲಿ ತೂಗುತ್ತಿದ್ದ ಬೀಗದ ಕೈಗೊಂಚಲನ್ನು ಅಜ್ಜಿ ನೋಡುತ್ತಿದ್ದಳು. ಅದರ ಸದ್ದು ಕೇಳಿಯೇ ಅವಳು ಒಲೆಯ ಮೇಲೆ ಕಾಫಿಗೆ ನೀರಿಡುತ್ತಿದ್ದದ್ದು.

ಅದೇ ವಾರ ತಾತ ಆಲೆಮನೆಯ ಹಿಂದೆ, ಯಾರಿಗೂ ಹೇಳದೆ, ನನ್ನನ್ನು ಮಾತ್ರ ಕರೆದುಕೊಂಡು ಹೋಗಿ ಒಂದು ಬೂದುಗುಂಬಳಕ್ಕೆ ಹೊಡೆದು ನೋಡಿದ. ಅಷ್ಟು ದೊಡ್ಡ ಕುಂಬಳಕ್ಕೆ ಗಾಳಿಯೂ ತಾಗಲಿಲ್ಲ. ಅವನು ಕೋವಿ ಹೆಗಲಿಗೇರಿಸಿ ತಿರುಗಿ ನೋಡದೆ ಹೊರಟ. ನಾನು ಅಭ್ಯಾಸಬಲದಿಂದ ಹುಲ್ಲು ತಡಕಿದೆ. ಸಿಕ್ಕಿದ್ದು ಬಟ್ಟೆಯಲ್ಲ, ಹುಣಸೆ ಬೀಜದಂಥ ಗಟ್ಟಿ ಕರಿ ಉಂಡೆ, ಹುಲ್ಲಿನ ಎಸಳಿಗೆ ಅಂಟಿಕೊಂಡಿತ್ತು. ಅದೇನೆಂದು ಗೊತ್ತಾಗದೆ ಅಡುಗೆಮನೆಗೆ ತಂದು ಅಜ್ಜಿಗೆ ತೋರಿಸಿದೆ. ಅಜ್ಜಿ ಅದನ್ನು ಉಗುರಿನಿಂದ ಕೆರೆದಳು, ಮೂಗಿನ ಹತ್ತಿರ ಹಿಡಿದಳು. ಮತ್ತೆ ಹಿಡಿದಳು. ಆಮೇಲೆ ನಿಧಾನವಾಗಿ ತನ್ನ ನೀಲಿ ಸೀರೆಯ ಸೆರಗನ್ನು ಎತ್ತಿ, ಒಂದು ಸಲ ಒಲೆಗೆ ತಗುಲಿ ಸುರುಟಿಕೊಂಡಿದ್ದ ಅದರ ತುದಿಯನ್ನು ಮೂಸಿದಳು. ಎರಡೂ ಒಂದೇ ವಾಸನೆ. ನಮ್ಮ ಮನೆಯ ಗಂಟಿನಲ್ಲಿ ಈಗ ಇದ್ದದ್ದೆಲ್ಲ ಸೆರಗು ಸುಟ್ಟು ಕತ್ತರಿಸಿದ ನೈಲಾನ್ ತುಂಡುಗಳು. ಮದ್ದಿನ ಬೆಂಕಿಗೆ ಅದು ಕರಗುತ್ತಿತ್ತು; ಗೀರುಗಳನ್ನು ಹಿಡಿಯಲು ಬಟ್ಟೆಯೇ ಉಳಿಯುತ್ತಿರಲಿಲ್ಲ. ಬಟ್ಟೆ ಅಂಗಡಿಯಲ್ಲಿ ಒಂದು ನೂಲೆಳೆ ಎಳೆದು ಸುಟ್ಟು ಮೂಸುವ ಅಭ್ಯಾಸ ನನಗೆ ಅಂಟಿದ್ದು ಆ ದಿನದಿಂದ. ನನ್ನ ಮಗಳು ಈಗ ಅಂಗಡಿಯಲ್ಲಿ ನನ್ನಿಂದ ದೂರ ನಿಲ್ಲುತ್ತಾಳೆ.

“ತಾತನ ಕಣ್ಣು ಸರಿಯಾಗೇ ಅದೆ ಕಣಮ್ಮ,” ಎಂದಳು ಅಜ್ಜಿ, ಪಿಸುಮಾತಿನಲ್ಲಿ.

“ಹಂಗಾದ್ರೆ ತಾತಂಗೆ ಏಳ್ತೀನಿ ಇರು,” ಎಂದು ನಾನು ಎದ್ದೆ. ಅಜ್ಜಿ ನನ್ನ ಲಂಗ ಹಿಡಿದು ಕೂರಿಸಿದಳು.

“ಏಳ್ಬ್ಯಾಡ. ಏಳುದ್ರೆ ಆ ಮನ್ಸ ಸಾಯೋಗಂಟ ಎಲೆಡಿಕೆ ಜೊತೆಗೆ ಅದನ್ನೂ ಅಗೀತಾನೆ.”

ಇದು ಅವಳ ಸಂಕಟ. ಹೇಳದಿದ್ದರೆ ತಾತ ಕುರುಡನಂತೆ ಮೂಲೆ ಸೇರುತ್ತಾನೆ. ಹೇಳಿದರೆ ಪಿಲಾಸ್ಟಿಕ್ ವಿಷಯದಲ್ಲಿ ಅವನು ಹೇಳಿದ್ದೇ ನಿಜವಾಗುತ್ತದೆ. ಅವತ್ತು ಸಾರಿಗೆ ಎರಡು ಸಲ ಉಪ್ಪು ಬಿತ್ತು. ಮಾರನೆಯ ಬೆಳಿಗ್ಗೆ, ಮೊಣಕಾಲು ನೋವಿಗೆ ಎಣ್ಣೆ ತರಬೇಕು ಎಂದು ಹೇಳಿ, ಅಜ್ಜಿ ನನ್ನನ್ನೂ ಒಂದು ಚೀಲವನ್ನೂ ಹಿಡಿದುಕೊಂಡು ಮಂಡ್ಯದ ಬಸ್ಸು ಹತ್ತಿದಳು. ಚೀಲ ನನ್ನ ಮಂಡಿಗೆ ತಗುಲಿದಾಗ ಠಣ್ ಎಂದಿತು. ಒಳಗೆ ಡಬರಿ ಇತ್ತು.

ಪಾತ್ರೆ ಲಕ್ಷ್ಮವ್ವನ ಮನೆ ಸಂತೆ ಬಯಲಿನ ಹಿಂದಿನ ಓಣಿಯಲ್ಲಿ. ಬಾಗಿಲಲ್ಲಿ ಹಳೇ ಬಟ್ಟೆಯ ಗುಡ್ಡ. ಅವಳು ಅದರ ಮೇಲೆಯೇ ಕೂತು ಗುಂಡಿಗಳನ್ನು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಅಂದಿನ ತಿರುಗಾಟಕ್ಕೆ ಸಿದ್ಧವಾದ ಪಾತ್ರೆಯ ಗಂಟು. ಗಂಟು ಕಟ್ಟಿದ್ದ ಬಟ್ಟೆಯ ಅಂಚು ಕುಂಕುಮಗೆಂಪು. ಅಜ್ಜಿ ಅದನ್ನು ಓಣಿಯ ಬಾಯಲ್ಲೇ ಗುರುತಿಸಿದ್ದಳು. ಡಬರಿ ತೆಗೆದು ಅವಳ ಮುಂದಿಟ್ಟಳು.

“ಇದ್ಯಾಕವ್ವ, ತೂತೋಯ್ತಾ?”

“ತೂತಿಲ್ಲ ಗೀತಿಲ್ಲ. ಇದ ಮಡೀಕೊ. ಆ ಗಂಟಿನ ಸೀರೆ ಕೊಡು.”

ಲಕ್ಷ್ಮವ್ವ ಡಬರಿಯನ್ನು ತಿರುಗಿಸಿ ನೋಡಿದಳು, ಆಮೇಲೆ ಅಜ್ಜಿಯನ್ನು ನೋಡಿದಳು.

“ಚಿಂದಿ ಕೊಟ್ಟು ಪಾತ್ರೆ ಕೇಳೋರ ದಿನಾ ನೋಡ್ತೀನಿ. ಪಾತ್ರೆ ಕೊಟ್ಟು ಚಿಂದಿ ಕೇಳೋರ ಇವತ್ತೇ ಕಂಡಿದ್ದು. ಮನೇಲಿ ಎಲ್ಲಾ ಚೆಂದಾಗವ್ರಾ?”

“ಚೆಂದಾಗವ್ರೆ. ಕೊಡ್ತೀಯೋ ಇಲ್ವೋ.”

“ಕೊಡಕ್ಕಿಲ್ಲ ಅಂತಲ್ಲ ಕಣವ್ವ. ಇದೊಂದು ನಂಬಿಕಸ್ತ ಬಟ್ಟೆ. ಯಾವೂರ ಬೀದೀಲೂ ಗಂಟು ಬಿಚ್ಚಿ ನನ್ ಮರ್ವಾದೆ ಕಳ್ದಿಲ್ಲ. ಇದ ಕೊಟ್ಟು ನಾನು ಯಾತ್ರಲ್ಲಿ ಕಟ್ಲಿ?”

ಅಜ್ಜಿ ಚೀಲದ ತಳದಿಂದ ಎಲೆಹಸಿರು ನೈಲಾನ್ ಸೀರೆ ತೆಗೆದು ಕೊಟ್ಟಳು. ಲಕ್ಷ್ಮವ್ವ ಅದರಲ್ಲಿ ಎರಡು ಲೋಟ ಇಟ್ಟು ಗಂಟು ಹಾಕಿ, ಎತ್ತಿ ಅಲ್ಲಾಡಿಸಿದಳು. ಗಂಟು ತಾನಾಗಿ ಜಾರಿ ಬಿಚ್ಚಿಕೊಂಡು ಲೋಟಗಳು ಓಣಿಯಲ್ಲಿ ಉರುಳಿದವು.

“ನೈಲಾನು ಗಂಟು ನಿಲ್ಲಕ್ಕಿಲ್ಲ ಕಣವ್ವ. ಉಡಕ್ಕೇನೋ ಸರಿ.”

ಅಜ್ಜಿ ಸೀರೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಅದು ಒಲೆಗೂ ಆಗದು, ಕೋವಿಗೂ ಆಗದು, ಗಂಟಿಗೂ ಆಗದು ಎಂದು ಅವಳಿಗೆ ಆಗ ಪೂರ್ತಿ ಗೊತ್ತಾಯಿತು. ಕೊನೆಗೆ ಡಬರಿಯೇ ಗೆದ್ದಿತು. ಲಕ್ಷ್ಮವ್ವ ಗುಡ್ಡದಿಂದ ಒಂದು ಹಳೇ ಜಮಖಾನ ಎಳೆದು ಪಾತ್ರೆಗಳನ್ನು ಅದಕ್ಕೆ ವರ್ಗಾಯಿಸಿ ಸೀರೆ ಕೊಟ್ಟಳು. ಅಜ್ಜಿ ಅದರ ಸೆರಗು ಹುಡುಕಿ, ತಾನೇ ಹಾಕಿದ್ದ ಕಡಲೆಕಾಯಿ ಗಾತ್ರದ ತೇಪೆಯನ್ನು ಸವರಿದಳು. ಊರೂರ ಬಿಸಿಲು, ಧೂಳು, ಒಗೆತ ತಿಂದು ಅದು ಅಜ್ಜಿಯ ಕಾಲದಲ್ಲಿದ್ದದ್ದಕ್ಕಿಂತ ಹಣ್ಣಾಗಿತ್ತು. ಮೊಣಕಾಲಿನ ಎಣ್ಣೆ ತರುವುದನ್ನು ಇಬ್ಬರೂ ಮರೆತೆವು.

ಹಬ್ಬದ ದಿನ ಬಂತು. ಆಲೆಮನೆಯ ಹಿಂದೆ ಮರಿಯಣ್ಣ ಎಲ್ಲರಿಗಿಂತ ಮೊದಲೇ ಬಂದು ಒಳ್ಳೆಯ ಜಾಗ ಹಿಡಿದಿದ್ದ. ಅಪ್ಪ ಯಾವುದೋ ದೇವರಿಗೆ ಹರಕೆ ಹೊರುತ್ತಿರುವಂತೆ ತುಟಿ ಅಲ್ಲಾಡಿಸುತ್ತಿದ್ದ. ಅವ್ವ ಪಾಯಸಕ್ಕೆ ಡಬರಿ ಸ್ವಲ್ಪ ಹೊತ್ತು ಹುಡುಕಿ, ಸಿಗದೆ, ಹಳೇ ಅಲ್ಯೂಮಿನಿಯಂ ಪಾತ್ರೆಯನ್ನೇ ಒಲೆಗೇರಿಸಿದ್ದಳು. ತಾತ ಮದ್ದು ಅಳೆದು ಸುರಿದ. ಡಬ್ಬಿ ತೆರೆದು, ಈ ಸಲ ಅಜ್ಜಿಯೇ ಹರಿದು, ಮೇಣ ಎಣ್ಣೆ ಸವರಿ ಇಟ್ಟಿದ್ದ ಪಟ್ಟಿಯಿಂದ ಒಂದು ತುಂಡು ತೆಗೆದು ಗುಂಡಿಗೆ ಸುತ್ತುವಾಗ ಅವನ ಬೆರಳುಗಳು ನಿಂತವು. ಹೆಬ್ಬೆರಳು ಬಟ್ಟೆಯ ಮೇಲೆ ಒಮ್ಮೆ ಹೋಗಿ ಬಂತು. ತಲೆ ಎತ್ತಿ ಯಾರನ್ನೂ ನೋಡಲಿಲ್ಲ. ಗಜ ಹಿಡಿದು ತಳ್ಳಿದ. ಈ ಸಲ ಗುಂಡು ಸಲೀಸಾಗಿ ಇಳಿಯಲಿಲ್ಲ, ಒಂದೊಂದು ಗೇಣಿಗೂ ತಕರಾರು ಮಾಡುತ್ತ ಇಳಿಯಿತು. ಗೆರೆ ಬಾಯಿಗೆ ಬಂದು ನಿಂತಿತು. ಮದ್ದಿಗೆ ಕಿಡಿ ತಾಗಿಸುವ ಕೇಪು ಇಟ್ಟು ಕೋವಿ ಎತ್ತಿದ, ಬಿಸಿ ಹಾಲು ಊದುವಾಗಿನಂತೆ ಅರ್ಧ ಉಸಿರು ಬಿಟ್ಟು ನಿಲ್ಲಿಸಿದ. ಹೊಗೆ ತಿಳಿಯಾದಾಗ ಗೂಟ ಬೋಳಾಗಿ ನಿಂತಿತ್ತು. ಕಾಯಿಯ ಒಂದು ಚಿಪ್ಪು ಮರಿಯಣ್ಣನ ಕಾಲ ಹತ್ತಿರ ಬಂದು ಗಿರಗಿರ ಸುತ್ತಿ ಮಲಗಿತು.

“ಬಾಯ್ಗೆ ಇಟ್ಟಿದ್ದೆ ಕಣ್ಲಾ,” ಎಂದ ತಾತ. “ಈ ಸಲನೂ ತಪ್ಪೋಯ್ತು.”

ಮರಿಯಣ್ಣನೇ ಮೊದಲು ನಕ್ಕ. ನಾನು ಓಡಿಹೋಗಿ ಬಟ್ಟೆಯ ತುಂಡು ತಂದೆ. ನಡುವೆ ದುಂಡನೆಯ ಮಸಿಬೊಟ್ಟು, ಸುತ್ತ ಎಸಳು, ಒಂದು ಎಸಳಿನ ಅಂಚಿನಲ್ಲಿ ಕುಂಕುಮಗೆಂಪಿನ ಎರಡು ಎಳೆ. ತಾತ ಅದನ್ನು ಅಂಗೈಯಲ್ಲಿ ಹರಡಿ ಬಹಳ ಹೊತ್ತು ನೋಡಿದ. ನಂತರ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡ, ಬೀಗದ ಕೈಯ ಪಕ್ಕದಲ್ಲಿ. ಊಟಕ್ಕೆ ಕೂತಾಗ ಅಲ್ಯೂಮಿನಿಯಂ ಪಾತ್ರೆಯಿಂದ ಪಾಯಸ ಬಂತು.

“ಡಬರಿ ಎಲ್ಲೋಯ್ತು?” ಎಂದ ತಾತ.

“ಯಾರಿಗೋ ಕೊಟ್ಟಿವ್ನಿ, ಬತ್ತದೆ,” ಎಂದಳು ಅಜ್ಜಿ, ಎಲೆಗೆ ಬಡಿಸುತ್ತ.

ತಾತ ಎರಡು ತುತ್ತು ಉಂಡ.

“ಈ ವರ್ಸ ಬಟ್ಟೆ ಚೆಂದಾಗಿತ್ತು.”

“ಕಣ್ಣು ಚೆಂದಾಗಿತ್ತು ಅನ್ನಿ.”

ಅಷ್ಟೇ. ಆ ವಿಷಯ ಅವರಿಬ್ಬರ ನಡುವೆ ಮತ್ತೆ ಬಂದದ್ದನ್ನು ನಾನು ಕೇಳಿಲ್ಲ. ನನ್ನ ಗಂಡನ ಜೊತೆ ಜಗಳವಾಡುವಾಗ, ಗೆದ್ದದ್ದನ್ನು ಎಲ್ಲಿ ನಿಲ್ಲಿಸಬೇಕು ಎಂಬ ಅಳತೆ ನನಗೆ ಸ್ವಲ್ಪವಾದರೂ ಗೊತ್ತಿದ್ದರೆ, ಅದು ಆ ಎರಡು ಮಾತುಗಳಿಂದ ಬಂದದ್ದು.

ಹಬ್ಬ ಕಳೆದು, ಜಡಿಮಳೆ ಹಿಡಿದ ಒಂದು ದಿನ ಪಾತ್ರೆ ಲಕ್ಷ್ಮವ್ವನ ಕೂಗು ನಮ್ಮ ಬೀದಿಗೆ ಬಂತು. ಅಜ್ಜಿ ಹಿತ್ತಿಲಲ್ಲಿದ್ದಳು. ತಾತ ಒಳಗೆ ಹೋದವನು ಏನನ್ನೋ ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಬಂದು, ಅಡುಗೆಮನೆಯ ಹೊಸ್ತಿಲಲ್ಲಿ ಡಬರಿಯನ್ನು ಸದ್ದಾಗದಂತೆ ಇಟ್ಟು ಜಗಲಿಗೆ ಹೋಗಿ ಕೂತ. ಅಜ್ಜಿ ಬಂದು ಅದನ್ನು ಎತ್ತಿ, ತಳದಲ್ಲಿದ್ದ ಗೀರು ನೋಡಿ ತನ್ನದೇ ಎಂದು ಗುರುತಿಸಿದಳು. ಆಮೇಲೆ ತಾತ ಪಂಚೆ ತೂಗುಹಾಕುವ ಗೂಟ ನೋಡಿದಳು. ತಾತನ ಪಂಚೆಗಳೆಲ್ಲ ಲಕ್ಷ್ಮವ್ವನ ಜಮಖಾನದೊಳಗೆ ಹೋಗಿದ್ದವು. ಉಳಿದದ್ದು ಮೈಮೇಲಿನದೊಂದೇ. ಹೊರಗೆ ಹೋಗಿ ಬಂದಾಗ ಕೆಸರಾದ ಅದನ್ನೂ ಒಗೆದು ಹಾಕಿಯಾಗಿತ್ತು. ಮಳೆ ಬಿಡುವಂತಿರಲಿಲ್ಲ. ತಾತ ಸೊಂಟಕ್ಕೊಂದು ಟವೆಲು ಸುತ್ತಿಕೊಂಡು, ಮಂಡಿ ಮುದುರಿಕೊಂಡು, ಜಗಲಿಯ ಹಗ್ಗದ ಮೇಲೆ ತೊಟ್ಟಿಕ್ಕುತ್ತಿದ್ದ ಒಂಟಿ ಪಂಚೆಯನ್ನು ಕಾಯುತ್ತ ಕೂತಿದ್ದ. ಅಜ್ಜಿ ಎಲೆಡಿಕೆ ತಟ್ಟೆ ಹಿಡಿದು ಅವನ ಪಕ್ಕ ಬಂದು ಕೂತಳು. ಒಂದೆಲೆಗೆ ಸುಣ್ಣ ಸವರಿದಳು, ಅಡಿಕೆ ಇಟ್ಟಳು, ನಿಧಾನವಾಗಿ ಮಡಿಸಿ ಅವನ ಕೈಗೆ ಕೊಟ್ಟಳು.

“ನೈಲಾನ್ ಆಗಿದ್ರೆ,” ಎಂದಳು, “ಇಷ್ಟೊತ್ತಿಗೆ ಒಣಗಿರೋದು.”